ಎಂಬತ್ತೆರಡು ಸಾವಿರದ ಅರ್ಧ ನಿಮಿಷ

ತಲಪಾಡಿಯಿಂದ ಕುಂಬಳೆವರೆಗೆ ಬೆಳಿಗ್ಗೆ ಸುಬಹಿ ನಮಾಝ್ ಮುಗಿಸಿ ಸೈಕಲ್ ಹಿಡಿದು ಹೊರಡುವ ನಮ್ಮ ಹುಡುಗರು ಈಗ ಕಡಿಮೆ ಏನಿಲ್ಲ. ಹತ್ತು ವರ್ಷದ ಹಿಂದೆ ಪ್ಯಾಂಟಿಗೆ ಕ್ಲಿಪ್ ಹಾಕಿಕೊಂಡು ಸೈಕಲ್ ತುಳಿದರೆ, "ಎಂತ ಮಾರಾಯ, ಬೈಕ್ ಕೆಟ್ಟಿತಾ?" ಅಂತ ಕೇಳುತ್ತಿದ್ದರು. ಈಗ ಕೇಳುವುದು "ಎಷ್ಟು ಕೊಟ್ಟೆ?" ಅಂತ. ಈ ಎರಡನೇ ಪ್ರಶ್ನೆಯ ಬಗ್ಗೆಯೇ ನನಗೆ ಸ್ವಲ್ಪ ಹೇಳಲಿಕ್ಕುಂಟು, ಯಾಕೆಂದರೆ ಆ ಪ್ರಶ್ನೆಗೆ ಬಾಪನ ಮುಂದೆ ಉತ್ತರ ಕೊಡಲಾಗದೆ ನಾನು ನಿಂತದ್ದುಂಟು.

ಮೂರು ವರ್ಷದ ಹಿಂದಿನ ಮಾತು. ನಾವು ಐದಾರು ಜನ ಗೆಳೆಯರು ಇಪ್ಪತ್ತು ಕಿಲೋಮೀಟರ್ ಹೋಗಿ ಇಪ್ಪತ್ತು ಬರುವ ಒಂದು ಸಮತಟ್ಟು ದಾರಿಯನ್ನು ನಾವೇ ಅಳೆದುಕೊಂಡು, ತಿಂಗಳಿಗೊಮ್ಮೆ ಒಬ್ಬೊಬ್ಬರಾಗಿ ಎರಡೆರಡು ನಿಮಿಷ ಬಿಟ್ಟು ಹೊರಡುತ್ತಿದ್ದೆವು. ಇದಕ್ಕೆ ಟೈಮ್ ಟ್ರಯಲ್ ಅಂತ ಹೆಸರು. ಯಾರ ಹಿಂದೆಯೂ ಅಡಗಲಿಕ್ಕಿಲ್ಲ, ಯಾರಿಗೂ ಗಾಳಿ ತಡೆದು ಕೊಡಲಿಕ್ಕಿಲ್ಲ. ನೀನು, ಗಡಿಯಾರ, ಗಾಳಿ. ನನ್ನ ಹೊತ್ತು 1 ಗಂಟೆ 14 ನಿಮಿಷದ ಹತ್ತಿರ ನಿಂತುಬಿಟ್ಟಿತ್ತು. ನಮ್ಮಲ್ಲಿ ಒಬ್ಬನಿಗೆ ದುಬೈಯಿಂದ ಅವನ ಭಾವ ಕಾರ್ಬನ್ ಚಕ್ರ ತಂದುಕೊಟ್ಟ. ಅಗಲ ರಿಮ್ಮಿನ, ಕಪ್ಪು ಬಣ್ಣದ, ತುಳಿಯುವಾಗ "ಹೂಂ ಹೂಂ" ಅಂತ ಸದ್ದು ಮಾಡುವ ಚಕ್ರ. ಆ ಸದ್ದು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಅಂಗಡಿಗೆ ಹೊಸ ಫ್ರೀಜರ್ ತರಲಿಕ್ಕೆಂದು ನನ್ನ ಖಾತೆಯಲ್ಲಿ ಹಾಕಿಟ್ಟಿದ್ದ ಹಣದಿಂದ ನಾನೂ ಒಂದು ಜೊತೆ ತರಿಸಿದೆ. ಎಂಬತ್ತೆರಡು ಸಾವಿರ. ಮುಂದಿನ ತಿಂಗಳು ನನ್ನ ಹೊತ್ತು 1 ಗಂಟೆ 13 ನಿಮಿಷ ಚಿಲ್ಲರೆ. ಒಟ್ಟು ಅರ್ಧ ನಿಮಿಷ ಉಳಿದದ್ದು.

ಬಾಪ ಬೈಯಲಿಲ್ಲ. ನಲವತ್ತು ವರ್ಷ ಅಕ್ಕಿ, ಸಕ್ಕರೆ ತೂಗಿದ ಮನುಷ್ಯ. ಕೇಳಿದ್ದು ಒಂದೇ: "ಮೋನೆ, ಅರ್ಧ ನಿಮಿಷಕ್ಕೆ ಎಂಬತ್ತೆರಡು ಸಾವಿರ ಆದರೆ, ನಿನಗೆ ಬೇಕಾದ ಹತ್ತು ನಿಮಿಷಕ್ಕೆ ಎಷ್ಟಾಯಿತು?" ನಾನು ಮನಸ್ಸಲ್ಲೇ ಲೆಕ್ಕ ಹಾಕಿದೆ. ಹದಿನಾರು ಲಕ್ಷ ಚಿಲ್ಲರೆ. ಆ ಬೇಸಿಗೆಯಲ್ಲಿ ಹಳೇ ಫ್ರೀಜರ್ ಎರಡು ಸಲ ಕೈಕೊಟ್ಟಿತು, ಐಸ್‌ಕ್ರೀಮ್ ಪೆಟ್ಟಿಗೆಗಟ್ಟಲೆ ನೀರಾಯಿತು. ಉಮ್ಮ ಅದನ್ನು ನೆರೆಮನೆ ಮಕ್ಕಳಿಗೆ ಹಂಚಿದರು. ನಾನು ಚಕ್ರವನ್ನು ಮಾಳಿಗೆಗೆ ಸಾಗಿಸಿದೆ, ಕಣ್ಣಿಗೆ ಬೀಳದ ಹಾಗೆ.

ಇಷ್ಟು ಕೇಳಿದ ಮೇಲೆ ಹಿರಿಯರು ಹೇಳುವ ಮಾತು ಗೊತ್ತೇ ಉಂಟು. "ಸಾಮಾನಿನಲ್ಲಿ ಎಂತ ಉಂಟು, ಮೈಯಲ್ಲಿ ಕಸುವು ಬೇಕು. ನಮ್ಮ ಕಾಲದಲ್ಲಿ ಬಾಡಿಗೆ ಸೈಕಲ್‌ನಲ್ಲಿ ಮೀನಿನ ಬುಟ್ಟಿ ಕಟ್ಟಿ ಉಪ್ಪಳದಿಂದ ಪೈವಳಿಕೆಗೆ ಹೋಗುತ್ತಿದ್ದೆವು." ಮಾತು ಚಂದ ಉಂಟು, ಆದರೆ ಅದೂ ಪೂರ್ತಿ ಸರಿಯಲ್ಲ. ನಾನು ಡಿಪ್ಲೊಮಾ ಮಾಡಿದ್ದು ಮೆಕ್ಯಾನಿಕಲ್‌ನಲ್ಲಿ, ಹಾಗಾಗಿ ಈ ಜಗಳವನ್ನು ಲೆಕ್ಕದಲ್ಲೇ ಬಗೆಹರಿಸುವ ಅಂತ ಕೂತೆ.

ಲೆಕ್ಕ ಕಷ್ಟದ್ದಲ್ಲ. ಸಮತಟ್ಟು ದಾರಿಯಲ್ಲಿ ಸೈಕಲನ್ನು ಹಿಂದಕ್ಕೆ ಎಳೆಯುವುದು ಮುಖ್ಯವಾಗಿ ಎರಡು: ಟಯರು ನೆಲಕ್ಕೆ ಉಜ್ಜುವುದು, ಮತ್ತು ಗಾಳಿ. ಟಯರಿಗೆ ಹೋಗುವ ಶಕ್ತಿ ವೇಗ ಹೆಚ್ಚಿದಷ್ಟೇ ಹೆಚ್ಚುತ್ತದೆ. ಗಾಳಿಗೆ ಹೋಗುವುದು ಹಾಗಲ್ಲ, ಅದು ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ವೇಗ ಎರಡು ಪಟ್ಟಾದರೆ ಗಾಳಿ ಕೇಳುವ ಶಕ್ತಿ ಎಂಟು ಪಟ್ಟು. ನನ್ನಂಥವನು, ಸೈಕಲ್ ಸೇರಿ 85 ಕಿಲೋ, ಗಂಟೆಗೆ 33 ಕಿಲೋಮೀಟರ್ ವೇಗದಲ್ಲಿ ಹೋಗಲಿಕ್ಕೆ ಸುಮಾರು 200 ವಾಟ್ ತುಳಿಯಬೇಕು. ಅದರಲ್ಲಿ ಹತ್ತಿರ ಹತ್ತಿರ ನಾಲ್ಕರಲ್ಲಿ ಮೂರು ಪಾಲು ಗಾಳಿಗೇ ಹೋಗುತ್ತದೆ. ಟಯರಿಗೆ ನಲವತ್ತರೊಳಗೆ, ಚೈನಿಗೆ ನಾಲ್ಕಾರು. ಸೈಕಲ್‌ನ ತೂಕ ಒಂದು ಕಿಲೋ ಇಳಿಸಲಿಕ್ಕೆ ಜನ ಹತ್ತಿಪ್ಪತ್ತು ಸಾವಿರ ಸುರಿಯುತ್ತಾರಲ್ಲ, ಸಮತಟ್ಟು ದಾರಿಯಲ್ಲಿ ಅದರಿಂದ ಉಳಿಯುವುದು ಅರ್ಧ ವಾಟ್ ಕೂಡ ಇಲ್ಲ. ಹೊರಡುವ ಮೊದಲು ಒಂದು ಬಾಟಲಿ ನೀರು ಕಡಿಮೆ ಹಿಡಿದುಕೊಂಡರೂ ಅಷ್ಟೇ.

ಹಾಗಾದರೆ ಗಾಳಿಯದ್ದೇ ದೊಡ್ಡ ಖರ್ಚು, ಅದನ್ನು ಇಳಿಸಲಿಕ್ಕೆ ಸಾಮಾನು ತರಬೇಡವಾ? ಇಲ್ಲೇ ನಾನು ಮೋಸಹೋದದ್ದು. ಗಾಳಿಗೆ ಅಡ್ಡ ನಿಲ್ಲುವುದು ಸೈಕಲ್ ಅಲ್ಲ, ಸೈಕಲ್ ಮೇಲೆ ಕೂತವನು. ಒಟ್ಟು ಗಾಳಿ ತಡೆಯಲ್ಲಿ ಮುಕ್ಕಾಲು ಪಾಲು ನಮ್ಮ ಮೈಯದ್ದೇ. ಎದೆ, ತೋಳು, ತಲೆ, ಪಟಪಟ ಅನ್ನುವ ಅಂಗಿ. ಉಳಿದ ಕಾಲು ಪಾಲಿನೊಳಗೆ ಫ್ರೇಮ್, ಹ್ಯಾಂಡಲ್, ಬಾಟಲಿ, ಎರಡು ಚಕ್ರ ಎಲ್ಲ ಬಂತು. ಆ ಕಾಲಿನೊಳಗಿನ ಒಂದು ಚೂರಿನಲ್ಲಿ ಒಂದು ಚೂರು ಇಳಿಸಲಿಕ್ಕೆ ನಾನು ಎಂಬತ್ತೆರಡು ಸಾವಿರ ಕೊಟ್ಟೆ. ಮುಕ್ಕಾಲು ಪಾಲಿನ ಕಡೆ ತಿರುಗಿಯೂ ನೋಡಲಿಲ್ಲ, ಯಾಕೆಂದರೆ ಅದನ್ನು ಯಾರೂ ಪೆಟ್ಟಿಗೆಯಲ್ಲಿ ಹಾಕಿ ಮಾರುವುದಿಲ್ಲ.

ಮೈಯನ್ನು ಮಡಿಸುವ ಸಾಮಾನು ಒಂದುಂಟು, ಏರೋ ಬಾರ್. ಹ್ಯಾಂಡಲ್‌ಗೆ ಸಿಕ್ಕಿಸುವ ಎರಡು ಕೊಂಬು, ಮೊಣಕೈ ಇಡಲಿಕ್ಕೆ ಎರಡು ಮೆತ್ತೆ. ನಾನು ತಂದದ್ದಕ್ಕೆ ನಾಲ್ಕೂವರೆ ಸಾವಿರ. ಕೈ ಹತ್ತಿರ ಬಂದು, ಎದೆ ಕೆಳಗೆ ಹೋಗಿ, ಬೆನ್ನು ಚಪ್ಪಟೆಯಾದಾಗ ಗಾಳಿಗೆ ಒಡ್ಡುವ ಮೈಯ ಅಳತೆ ನನ್ನ ಅಂದಾಜಿನಲ್ಲಿ 0.36 ಚದರ ಮೀಟರಿನಿಂದ 0.28ಕ್ಕೆ ಇಳಿಯಿತು. ಅದೇ 200 ವಾಟ್‌ಗೆ ಈಗ ಗಂಟೆಗೆ 33ರ ಬದಲು 35 ದಾಟುತ್ತದೆ. ನಲವತ್ತು ಕಿಲೋಮೀಟರಿಗೆ ಐದು ನಿಮಿಷಕ್ಕಿಂತ ಹೆಚ್ಚು ಉಳಿತಾಯ. ಬರೀ ತುಳಿತದ ಕಸುವಿನಿಂದ ಇಷ್ಟೇ ಸಂಪಾದಿಸಬೇಕಾದರೆ 200 ವಾಟ್‌ನವನು 250ರ ಹತ್ತಿರ ಬರಬೇಕು. ಅಂಗಡಿ, ಕೆಲಸ, ಮಕ್ಕಳು ಇರುವವನಿಗೆ ಅದು ಒಂದು ವರ್ಷದ ಕೆಲಸವಲ್ಲ, ಎರಡರದ್ದೂ ಆಗಲಿಕ್ಕಿಲ್ಲ, ಕೆಲವರಿಗೆ ಆಗುವುದೇ ಇಲ್ಲ. ಹಾಗಾಗಿ "ಸಾಮಾನಿನಲ್ಲಿ ಎಂತ ಉಂಟು" ಅನ್ನುವವರಿಗೆ ನನ್ನ ಉತ್ತರ: ನಾಲ್ಕೂವರೆ ಸಾವಿರದ ಸಾಮಾನಿನಲ್ಲಿ ಉಂಟು.

ಮದರಸದಲ್ಲಿ ಉಸ್ತಾದರು ರುಕೂಅ್ ಕಲಿಸುವಾಗ ಬೆನ್ನ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು ಅನ್ನುತ್ತಿದ್ದರು, ನೆನಪುಂಟಲ್ಲ? ಹೋಲಿಕೆ ತಪ್ಪಾದರೆ ಕ್ಷಮೆ ಇರಲಿ. ಆದರೆ ಸೊಂಟದಿಂದ ಬಗ್ಗುವುದು ಬೇರೆ, ಬೆನ್ನು ಗೂನು ಮಾಡುವುದು ಬೇರೆ ಅಂತ ನನಗೆ ಮೊದಲು ಕಲಿಸಿದ್ದು ಯಾವ ಸೈಕಲ್ ಕೋಚ್ ಕೂಡ ಅಲ್ಲ. ಏರೋ ಬಾರ್ ಹಾಕಿ ಬೆನ್ನು ಗೂನು ಮಾಡಿ ಕೂತರೆ ಅರ್ಧ ಲಾಭ ಹೋಯಿತು, ಸೊಂಟನೋವು ಬಂತು.

ಇನ್ನು ದೊಡ್ಡವರ ಕಥೆ. 1989ರ ಟೂರ್ ಡಿ ಫ್ರಾನ್ಸ್. ಕೊನೆಯ ದಿನ ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಲೋರಾನ್ ಫಿನ್ಯೋಂ 50 ಸೆಕೆಂಡ್ ಮುಂದಿದ್ದ, ಹಿಂದೆ ಅಮೆರಿಕದ ಗ್ರೆಗ್ ಲೆಮಾಂಡ್. ಲೆಮಾಂಡ್ ಏರೋ ಬಾರ್ ಹಾಕಿ, ಉದ್ದ ಹೆಲ್ಮೆಟ್ ಇಟ್ಟು ಹೊರಟ. ಫಿನ್ಯೋಂ ಬರಿದಲೆಯಲ್ಲಿ, ಜುಟ್ಟು ಹಾರಿಸಿಕೊಂಡು. ಲೆಮಾಂಡ್ 58 ಸೆಕೆಂಡ್ ಗಳಿಸಿದ. ಮೂರು ವಾರ, ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆದ ಮೇಲೆ ಟೂರ್ ಗೆದ್ದದ್ದು 8 ಸೆಕೆಂಡಿನಿಂದ. ಸಾಮಾನು ಮಾರುವವರು ಈ ಕಥೆಯನ್ನು ಬಹಳ ಇಷ್ಟಪಟ್ಟು ಹೇಳುತ್ತಾರೆ. ಅವರು ಬಿಡುವ ಭಾಗ ಏನೆಂದರೆ, ಇಬ್ಬರೂ ಮೊದಲೇ ಟೂರ್ ಗೆದ್ದವರು. ಮೈಯಲ್ಲಿ ಇಬ್ಬರೂ ಸರಿಸಮ ಆದ ಮೇಲೆ ಬಾರ್ ಮತ್ತು ಹೆಲ್ಮೆಟ್ ತೀರ್ಪು ಕೊಟ್ಟಿತು. ನಾನು ಮತ್ತು ನನ್ನ ಎದುರಾಳಿಯ ನಡುವೆ ಇದ್ದದ್ದು 8 ಸೆಕೆಂಡಲ್ಲ, ಹನ್ನೊಂದು ನಿಮಿಷ.

ನನಗೆ ಇದಕ್ಕಿಂತ ಇಷ್ಟದ ಕಥೆ ಸ್ಕಾಟ್ಲೆಂಡಿನ ಗ್ರೇಮ್ ಒಬ್ರೀಯದ್ದು. ಅವನ ಸೈಕಲ್ ಅಂಗಡಿ ಮುಳುಗಿತ್ತು, ಕೈಯಲ್ಲಿ ಕಾಸಿಲ್ಲ. ತನ್ನ ಸೈಕಲನ್ನು ತಾನೇ ಬೆಸುಗೆ ಹಾಕಿ ಕಟ್ಟಿದ, ಅದರ ಬೇರಿಂಗ್ ಬಟ್ಟೆ ಒಗೆಯುವ ಮೆಷಿನ್‌ನದ್ದು. ಕೈಗಳನ್ನು ಎದೆ ಕೆಳಗೆ ಮಡಚಿ ಕೂರುವ ಹೊಸ ಭಂಗಿ ಕಂಡುಹಿಡಿದ. 1993ರ ಜುಲೈಯಲ್ಲಿ ನಾರ್ವೆಯ ಹಾಮರ್‌ನಲ್ಲಿ ಒಂದು ಗಂಟೆಯಲ್ಲಿ 51.596 ಕಿಲೋಮೀಟರ್ ತುಳಿದು, ಇಟಲಿಯ ಮೋಸರ್ 1984ರಲ್ಲಿ ಮಾಡಿದ್ದ ದಾಖಲೆ ಮುರಿದ. ಒಂದು ವಾರದೊಳಗೆ ಕ್ರಿಸ್ ಬೋರ್ಡ್‌ಮನ್ ಅದನ್ನೂ ಮುರಿದ, ಅದು ಬೇರೆ. ಮರುವರ್ಷ ಸೈಕ್ಲಿಂಗ್‌ನ ದೊಡ್ಡ ಮಂಡಳಿ ಆ ಭಂಗಿಯನ್ನೇ ನಿಷೇಧಿಸಿತು. ಬೆಲೆ ಕಟ್ಟಲಾಗದ ಸಾಮಾನು ಅವನ ಹತ್ತಿರ ಇದ್ದದ್ದು ಬೇರಿಂಗ್ ಅಲ್ಲ, ತನ್ನ ಮೈ ಗಾಳಿಯಲ್ಲಿ ಎಲ್ಲಿ ನಿಲ್ಲಬೇಕು ಅನ್ನುವ ಯೋಚನೆ.

ಬೋರ್ಡ್‌ಮನ್‌ನ ಒಂದು ಲೆಕ್ಕ ಹೇಳಿಬಿಡುತ್ತೇನೆ, ಏಕೆಂದರೆ ಈ ಜಗಳದಲ್ಲಿ ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. 1996ರಲ್ಲಿ, ಒಬ್ರೀಯೇ ಹುಡುಕಿದ ಕೈಚಾಚಿದ ಇನ್ನೊಂದು ಭಂಗಿಯಲ್ಲಿ, ಅವನು ಒಂದು ಗಂಟೆಯಲ್ಲಿ 56.375 ಕಿಲೋಮೀಟರ್ ಹೋದ. 2000ದಲ್ಲಿ, ಎಡ್ಡಿ ಮರ್ಕ್ಸ್ 1972ರಲ್ಲಿ ಓಡಿಸಿದಂಥ ಸಾದಾ ಸೈಕಲ್‌ನಲ್ಲೇ ಹೋಗಬೇಕು ಅಂತ ನಿಯಮ ಬಂದಾಗ, ಅದೇ ಬೋರ್ಡ್‌ಮನ್ ಹೋದದ್ದು 49.441. ನಾಲ್ಕು ವರ್ಷ ವಯಸ್ಸಾಗಿತ್ತು, ಒಪ್ಪುವ. ಆದರೂ ಆ ಏಳು ಕಿಲೋಮೀಟರಿನಲ್ಲಿ ಹೆಚ್ಚಿನದು ಗಾಳಿಯದ್ದೇ. ಇನ್ನು ಅವನ 49.441 ಮರ್ಕ್ಸ್‌ನ 49.431ಕ್ಕಿಂತ ಎಷ್ಟು ಹೆಚ್ಚು? ಹತ್ತು ಮೀಟರ್. ನಮ್ಮ ಅಂಗಡಿ ಬಾಗಿಲಿಂದ ರಸ್ತೆ ದಾಟುವಷ್ಟು.

ಹಾಗಾದರೆ ಕಸುವು ಬೇಡವೇ? ಬೇಕು, ಅದೂ ಭಂಗಿಗಾಗಿಯೇ ಬೇಕು. ಏರೋ ಬಾರ್ ಮೇಲೆ ಮಲಗಿದ ಮೊದಲ ವಾರಗಳಲ್ಲಿ ನನ್ನ ತುಳಿತ 200ರಿಂದ 185ಕ್ಕೆ ಇಳಿಯಿತು. (ಅಳೆದದ್ದು ಗೆಳೆಯನ ಮನೆಯ ಟ್ರೇನರ್ ಮೇಲೆ, ನನ್ನ ಹತ್ತಿರ ಪವರ್ ಮೀಟರ್ ಇಲ್ಲ.) ತೊಡೆ ಹೊಟ್ಟೆಗೆ ಒತ್ತುತ್ತದೆ, ಉಸಿರು ಸಿಕ್ಕುತ್ತದೆ, ಕುತ್ತಿಗೆ ಹಿಡಿಯುತ್ತದೆ. ಇಪ್ಪತ್ತು ನಿಮಿಷಕ್ಕೆ ಎದ್ದು ಕೂತೆ ಅಂದರೆ ಲಾಭವೆಲ್ಲ ಹೋಯಿತು. ಹೊಟ್ಟೆ ಇಳಿಯದೆ, ಸೊಂಟ ಸಡಿಲವಾಗದೆ ಆ ಭಂಗಿ ಒಂದು ಗಂಟೆ ನಿಲ್ಲುವುದಿಲ್ಲ. ಉಮ್ಮ ಮಾಡುವ ನೆಯ್‌ಚೋರಿಗೆ ವಾರಕ್ಕೊಂದು ದಿನ ಮಾತ್ರ ಎರಡನೇ ಬಡಿಸಣೆ ಅಂತ ಒಪ್ಪಂದ ಮಾಡಿಕೊಂಡೆ. ವಾರಕ್ಕೆ ನಾಲ್ಕು ಬೆಳಿಗ್ಗೆ, ಮೂರು ದಿನ ಮಾತಾಡುತ್ತಾ ತುಳಿಯಬಹುದಾದಷ್ಟು ನಿಧಾನ, ಒಂದು ದಿನ ಇಪ್ಪತ್ತು ನಿಮಿಷದ ಎರಡು ಗಟ್ಟಿ ತುಳಿತ, ಬಾರ್ ಮೇಲೇ. ರಮಝಾನ್‌ನಲ್ಲಿ ಗಟ್ಟಿ ತುಳಿತ ಪೂರ್ತಿ ಬಂದ್. ತರಾವೀಹ್ ಆದ ಮೇಲೆ ಅರ್ಧ ಗಂಟೆ ಟ್ರೇನರ್ ತುಳಿದದ್ದು ಬಿಟ್ಟರೆ ಏನಿಲ್ಲ. ನಮ್ಮ ಸೆಕೆಯಲ್ಲಿ ನೀರಿಲ್ಲದೆ ಹಗಲು ತುಳಿಯುವವರನ್ನು ನೋಡಿದ್ದೇನೆ, ಅದು ಹಟ, ತರಬೇತಿ ಅಲ್ಲ. ಹದಿನಾಲ್ಕು ತಿಂಗಳಾದ ಮೇಲೆ 225 ವಾಟ್. ಮಾಳಿಗೆಯ ಚಕ್ರ ಇಳಿಸದೆ, ಸೈಕಲ್ ಜೊತೆ ಬಂದ ಸಾದಾ ಚಕ್ರದಲ್ಲೇ 1 ಗಂಟೆ 5 ನಿಮಿಷ.

ನಮ್ಮದು ಬರೀ ಸಮತಟ್ಟು ಊರೂ ಅಲ್ಲ. ನಂದಾರಪದವಿನಿಂದ ಶುರುವಾಗುವ ಗುಡ್ಡಗಾಡು ಹೆದ್ದಾರಿಗೆ ಹೋಗಿ ನೋಡಿ. ನೂರಕ್ಕೆ ಐದರ ಏರಿನಲ್ಲಿ 200 ವಾಟ್‌ನವನು ಗಂಟೆಗೆ ಹದಿನಾಲ್ಕು ಕಿಲೋಮೀಟರ್ ಹೋಗುತ್ತಾನೆ. ಅಲ್ಲಿ ಗಾಳಿಯ ಪಾಲು ಹದಿಮೂರು ವಾಟ್ ಅಷ್ಟೇ, ಉಳಿದದ್ದೆಲ್ಲ ಗುಡ್ಡಕ್ಕೆ. ಅಲ್ಲಿ ಏರೋ ಹೆಲ್ಮೆಟ್ ಇಟ್ಟುಕೊಂಡು ಬೆವರುವವರಿಗೆ ನಾನು ನೀರು ಕೊಡಬಲ್ಲೆ, ಬೇರೆ ಸಹಾಯ ಇಲ್ಲ.

ಸಾಮಾನು ಮಾರುವವರ ಒಂದು ವಾದ ಮಾತ್ರ ನಿಜ, ಅದನ್ನು ಮುಚ್ಚಿಡುವುದು ಸರಿಯಲ್ಲ. "ಏರೋ ಎಲ್ಲ ಗಂಟೆಗೆ 45ರಲ್ಲಿ ಹೋಗುವವರಿಗೆ, ನಿನ್ನಂಥವನಿಗೆ ಯಾಕೆ" ಅಂತ ಕೆಲವರು ಅನ್ನುತ್ತಾರೆ. ತಪ್ಪು. ನಿಧಾನದವನು ದಾರಿಯಲ್ಲಿ ಹೆಚ್ಚು ಹೊತ್ತು ಇರುತ್ತಾನೆ, ಹಾಗಾಗಿ ವಾಟ್‌ನಲ್ಲಿ ಉಳಿತಾಯ ಕಡಿಮೆಯಾದರೂ ನಿಮಿಷದಲ್ಲಿ ಅವನಿಗೆ ಸಿಗುವುದು ಕಡಿಮೆ ಏನಲ್ಲ. ಪ್ರಶ್ನೆ ಇರುವುದು ಏರೋ ಬೇಕಾ ಬೇಡವಾ ಅಂತ ಅಲ್ಲ, ಯಾವುದು ಮೊದಲು ಅಂತ. ಒಳ್ಳೆ ಟಯರ್ ಒಂದು ಜೊತೆ ಹಾಕಿ ನೋಡಿ. ಸಾದಾ ಗಟ್ಟಿ ಟಯರಿಗೂ ಅದಕ್ಕೂ ನಮ್ಮ ವೇಗದಲ್ಲಿ ಹತ್ತು ಹದಿನೈದು ವಾಟ್ ವ್ಯತ್ಯಾಸ ಬರಬಹುದು, ಕಾರ್ಬನ್ ಚಕ್ರದ ಮೂರು ಪಟ್ಟು, ಬೆಲೆ ಹತ್ತರಲ್ಲಿ ಒಂದು ಪಾಲು. ಚೈನು ತೊಳೆದು ಎಣ್ಣೆ ಹಾಕುವುದಕ್ಕೆ ಬೆಲೆಯೇ ಇಲ್ಲ.

ಬಟ್ಟೆಯ ವಿಷಯ ನಮ್ಮಲ್ಲಿ ಸೂಕ್ಷ್ಮ. ಮೈಗಂಟುವ ಸೂಟ್ ಒಳ್ಳೆ ಲಾಭ ಕೊಡುತ್ತದೆ, ಸಡಿಲ ಅಂಗಿ ಹಾಯಿಯ ಹಾಗೆ ಗಾಳಿ ತುಂಬಿಕೊಳ್ಳುತ್ತದೆ. ಆದರೆ ಔರತ್‌ನ ಪ್ರಶ್ನೆ ಉಂಟು, ಪೇಟೆಯಲ್ಲಿ ಹಿರಿಯರ ಕಣ್ಣೂ ಉಂಟು. ನಾನು ಮೇಲೆ ಮೈಗೆ ಸರಿಯಾದ ಜೆರ್ಸಿ, ಕೆಳಗೆ ಮೊಣಕಾಲು ಮುಚ್ಚುವ ಸೈಕ್ಲಿಂಗ್ ಪ್ಯಾಂಟಿನ ಮೇಲೆ ಒಂದು ತೆಳು ಚಡ್ಡಿ ಹಾಕುತ್ತೇನೆ. ನಾಲ್ಕು ವಾಟ್ ಹೋಗುತ್ತದೋ ಐದು ಹೋಗುತ್ತದೋ, ಹೋಗಲಿ. ಆ ಬಟ್ಟೆ ಹಾಕಲು ನಾಚಿ ಸೈಕಲನ್ನೇ ಬಿಟ್ಟ ನಾಲ್ಕು ಜನ ನನಗೆ ಗೊತ್ತು. ಅವರು ಕಳೆದುಕೊಂಡದ್ದು ನೂರಾರು ವಾಟ್. ಒಬ್ಬರಿಗೆ ಈಗ ಸಕ್ಕರೆ, ದಿನಕ್ಕೆ ಎರಡು ಇಂಜೆಕ್ಷನ್.

ಬಾರ್ ಬಗ್ಗೆ ಒಂದು ಎಚ್ಚರ ಹೇಳದೆ ಇದ್ದರೆ ತಪ್ಪಾದೀತು. ಅದರ ಮೇಲೆ ಮಲಗಿದಾಗ ಕೈ ಬ್ರೇಕಿನ ಹತ್ತಿರ ಇರುವುದಿಲ್ಲ. ನಮ್ಮ ರಸ್ತೆಯಲ್ಲಿ ಹಾಲಿನ ವ್ಯಾನು, ಎದುರು ದಿಕ್ಕಿನಿಂದ ಬರುವ ಸ್ಕೂಟರು, ದನ, ಮದರಸಕ್ಕೆ ಹೋಗುವ ಮಕ್ಕಳು ಎಲ್ಲ ಇದ್ದಾರೆ. ನಮ್ಮ ಗುಂಪಿನ ಒಬ್ಬ ಹುಡುಗ ಬಸ್‌ಸ್ಟಾಪ್ ಹತ್ತಿರ ಬಾರ್ ಬಿಡದೆ ಹೋಗಿ ನಾಯಿಗೆ ಬಡಿದು ಕಾಲರ್ ಎಲುಬು ಮುರಿದುಕೊಂಡ. ಪೇಟೆ ಬಂದರೆ ಎದ್ದು ಕೂರುವುದು. ಅದರಿಂದ ಎಷ್ಟು ನಿಮಿಷ ಹೋದರೂ ಸರಿ. ಮತ್ತೆ ಹಿಂದೆ ಕೆಂಪು ಲೈಟು. ಅದಕ್ಕೆ ಮುನ್ನೂರು ರೂಪಾಯಿ ಕೊಡದವನು ಚಕ್ರದ ಮಾತು ಎತ್ತಬಾರದು.

ಇನ್ನೊಂದು ಮಾತು ಸ್ವಲ್ಪ ಕಹಿ. ಬಡ್ಡಿ ಹರಾಂ ಅಂತ ಮನೆ ಕಟ್ಟಲು ಬ್ಯಾಂಕ್ ಸಾಲಕ್ಕೆ ನೂರು ಸಲ ಯೋಚಿಸುವ ನಮ್ಮ ಹುಡುಗರೇ, ಚಕ್ರಕ್ಕೆ, ಹೆಲ್ಮೆಟ್‌ಗೆ ಕಾರ್ಡ್ ಉಜ್ಜಿ ಹನ್ನೆರಡು ಕಂತು ಮಾಡುತ್ತಾರೆ. ಆ ಕಂತಿನೊಳಗೆ ಎಂತ ಕೂತಿದೆ ಅಂತ ಓದಿದ್ದಾರಾ? ಗಲ್ಫಿನಲ್ಲಿ ಹನ್ನೆರಡು ಗಂಟೆ ನಿಂತು ದುಡಿಯುವ ಅಣ್ಣ ಕಳಿಸಿದ ಹಣ ಪೋರ್ಟಿಕೋದಲ್ಲಿ ಧೂಳು ತಿನ್ನುವ ಎರಡು ಲಕ್ಷದ ಸೈಕಲ್ ಆಗಿ ನಿಂತಿರುವ ಮನೆ ನಮ್ಮ ಬೀದಿಯಲ್ಲೇ ಮೂರುಂಟು. ಸೈಕಲ್ ತಪ್ಪಲ್ಲ. ತುಳಿಯದೆ ಮೊದಲೇ ಸಾಮಾನು ತಂದದ್ದು ತಪ್ಪು. ನನಗೆ ಹೇಳುವ ಹಕ್ಕು ಎಷ್ಟುಂಟೋ ಗೊತ್ತಿಲ್ಲ, ಫ್ರೀಜರ್ ತಿಂದವನು ನಾನು.

ಆ ಚಕ್ರವನ್ನು ಕಳೆದ ವರ್ಷ ಐವತ್ತೊಂದು ಸಾವಿರಕ್ಕೆ ಕೊಟ್ಟೆ. ಕೊಡುವ ಮೊದಲು ಒಂದು ಪರೀಕ್ಷೆ ಮಾಡಿದೆ. ನಮ್ಮ ಮನೆ ಹಿಂದಿನ ಇಳಿಜಾರಿನ ಕೆಳಗೆ ಅರ್ಧ ಕಿಲೋಮೀಟರ್ ಸಮತಟ್ಟು ದಾರಿ ಉಂಟು. ಗಾಳಿ ಏಳುವ ಮೊದಲು, ಒಂದೇ ಬಟ್ಟೆ, ಟಯರಿಗೆ ಒಂದೇ ಗಾಳಿ, ಮೇಲಿನ ಸೀಮೆಕಲ್ಲಿನ ಗೆರೆಯಿಂದ ಪೆಡಲ್ ತುಳಿಯದೆ ಬಿಟ್ಟುಬಿಡುವುದು, ಎಲ್ಲಿ ನಿಲ್ಲುತ್ತದೋ ಅಲ್ಲಿ ಗುರುತು. ಒಂದೊಂದಕ್ಕೂ ಐದೈದು ಸಲ. ನೆಟ್ಟಗೆ ಕೂತದ್ದಕ್ಕೂ ಬಾರ್ ಮೇಲೆ ಮಲಗಿದ್ದಕ್ಕೂ ಐವತ್ತು ಮೀಟರಿಗೂ ಹೆಚ್ಚು ವ್ಯತ್ಯಾಸ. ಸಾದಾ ಚಕ್ರಕ್ಕೂ ಕಾರ್ಬನ್ ಚಕ್ರಕ್ಕೂ ನಾಲ್ಕೈದು ಮೀಟರ್. ಅಷ್ಟು ವ್ಯತ್ಯಾಸ ಒಂದೇ ಚಕ್ರದ ಎರಡು ಓಟಗಳ ನಡುವೆಯೂ ಬರುತ್ತಿತ್ತು. ಟೇಪ್ ಹಿಡಿದದ್ದು ಬಾಪ. ಎಪ್ಪತ್ತು ದಾಟಿದ ಮನುಷ್ಯ, ಪ್ರತಿ ಸಲ ಗುರುತಿನ ಹತ್ತಿರ ಬಗ್ಗಿ ಓದಿ, ಅಂಗಡಿಯ ಉದ್ರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದರು. ಹದಿನೈದನೇ ಓಟ ಮುಗಿದ ಮೇಲೆ ಪೆನ್ನು ಕಿಸೆಗೆ ಹಾಕಿ, ತಾವೂ ಒಂದು ಸಲ ಸೈಕಲ್ ಹತ್ತಿ ಇಳಿಜಾರು ಬಿಟ್ಟರು, ಲುಂಗಿ ಎತ್ತಿ ಕಟ್ಟಿ. ಅದರ ಅಳತೆ ಬರೆದುಕೊಳ್ಳಲಿಕ್ಕೆ ನಾನು ಮರೆತೆ.

ಈಗಲೂ ತಿಂಗಳ ಮೊದಲ ಭಾನುವಾರ ಸುಬಹಿ ಆದ ಕೂಡಲೇ ಆ ಇಳಿಜಾರಿನಲ್ಲಿ ನಾವು ಇರುತ್ತೇವೆ. ಚಕ್ರವೋ ಹೆಲ್ಮೆಟ್ಟೋ ತರಿಸುವ ಯೋಚನೆಯಲ್ಲಿರುವವರು ಹಣ ಕಟ್ಟುವ ಮೊದಲು ನಿಮ್ಮ ಸೈಕಲ್ ಹಿಡಿದುಕೊಂಡು ಬನ್ನಿ. ಹಾಕಿ ನೋಡಲಿಕ್ಕೆ ಒಂದು ಜೊತೆ ಏರೋ ಬಾರ್ ಅಲ್ಲೇ ಉಂಟು. ಟೇಪ್ ನಮ್ಮದು, ಸೀಮೆಕಲ್ಲೂ ನಮ್ಮದು. ಚಾಯ ಬಾಪನ ಅಂಗಡಿಯಲ್ಲಿ, ಅದಕ್ಕೆ ಮಾತ್ರ ಹಣ ಕೊಡಬೇಕು.